ಇನ್ಸುಲಿನ್ ಪಂಪ್ ಮತ್ತು ಸಮವಸ್ತ್ರದ ನಿಯಮ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಕಚೇರಿಗೆ ಒಂದೇ ವಿಷಯದ ದೂರು ಮತ್ತೆ ಮತ್ತೆ ಬಂದಿದೆ. ಮೊಬೈಲ್, ಸ್ಮಾರ್ಟ್ ವಾಚ್ ತರಬಾರದು ಎಂದು ನಿಯಮ ಮಾಡಿದ್ದು ನಾವೇ. ಹಾಗಿರುವಾಗ ಪಾಠದ ಮಧ್ಯೆ ಬೀಪ್ ಅನ್ನುವ ಯಂತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಬರಲು ಒಂದು ಮಗುವಿಗೆ ಹೇಗೆ ಬಿಟ್ಟಿರಿ, ಅಂಗಿ ಇನ್‌ಶರ್ಟ್ ಮಾಡದಿದ್ದರೂ ಯಾಕೆ ಕೇಳುವುದಿಲ್ಲ ಎಂಬುದು ಪ್ರಶ್ನೆ. ಕೇಳಿದ್ದರಲ್ಲಿ ತಪ್ಪಿಲ್ಲ. ನಿಯಮ ಎಲ್ಲರಿಗೂ ಒಂದೇ ಇರಬೇಕೆಂಬುದು ನಮ್ಮ ಆಸೆಯೂ ಹೌದು.

ಅದು ಇನ್ಸುಲಿನ್ ಪಂಪ್. ಯಾವ ಮಗು, ಯಾವ ತರಗತಿ ಎಂದು ಬರೆಯುವುದಿಲ್ಲ. ದಯವಿಟ್ಟು ವಿಚಾರಿಸಲೂ ಹೋಗಬೇಡಿ.

ಕೆಲವರು ಒಂದು ದಾರಿಯನ್ನೂ ಸೂಚಿಸಿದ್ದಾರೆ: ಬೆಳಿಗ್ಗೆ ಬಿಚ್ಚಿ ಆಫೀಸಿನಲ್ಲಿಟ್ಟು ಸಂಜೆ ಕೊಟ್ಟರಾಯಿತಲ್ಲ ಎಂದು. ಅದು ಆಗುವುದಿಲ್ಲ. ಟೈಪ್ 1 ಮಧುಮೇಹ ಇರುವ ಮಗುವಿನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ ಎನ್ನಬೇಕು. ಪಂಪ್ ಬೇಗ ಕೆಲಸ ಮಾಡಿ ಬೇಗ ಮುಗಿದುಹೋಗುವ ಇನ್ಸುಲಿನ್ ಅನ್ನು ಹನಿಹನಿಯಾಗಿ ಕೊಡುತ್ತಿರುತ್ತದೆ. ದಿನವಿಡೀ ಉಳಿಯುವ ಚುಚ್ಚುಮದ್ದು ಬೇರೆ ಇರುವುದಿಲ್ಲ. ಪಂಪ್ ತೆಗೆದು ಮೂರು ನಾಲ್ಕು ತಾಸು ಕಳೆದರೆ ಸಕ್ಕರೆ ಏರಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿ, ವಾಂತಿ ಶುರುವಾಗಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕಬಡ್ಡಿಗೋ ಈಜಿಗೋ ಬಿಚ್ಚಿದರೂ ಒಂದು ತಾಸಿನೊಳಗೆ ಮತ್ತೆ ಜೋಡಿಸಬೇಕು. ಆ ಹೊತ್ತು ಅದನ್ನು ಮೈದಾನದ ಬಿಸಿಲಲ್ಲಿ ಇಡುವಂತಿಲ್ಲ, ಒಳಗಿನ ಇನ್ಸುಲಿನ್ ಕಾದು ಕೆಡುತ್ತದೆ. ಆಟದ ಅವಧಿಯಲ್ಲಿ ಅದು ಪಿ.ಟಿ. ಶಿಕ್ಷಕರ ಕಪಾಟಿನ ನೆರಳಲ್ಲಿರುತ್ತದೆ. ಉಳಿದ ಇಡೀ ದಿನ ಮಗುವಿನ ಮೈಮೇಲೆಯೇ ಇರುತ್ತದೆ.

ಇನ್ನು ಸಮವಸ್ತ್ರ. ಪಂಪ್ ಸುಮಾರು 100 ಗ್ರಾಂ ತೂಕದ, ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ ಡಬ್ಬಿ. ಅದರಿಂದ ಹೊರಟ ತೆಳು ಟ್ಯೂಬ್ ಹೊಟ್ಟೆ, ತೊಡೆ ಅಥವಾ ಪೃಷ್ಠದ ಮೇಲ್ಭಾಗದ ಚರ್ಮದಡಿ ಕೂತ ಕ್ಯಾನುಲಾ ಎಂಬ ಸಣ್ಣ ಕೊಳವೆಗೆ ಹೋಗುತ್ತದೆ. ಡಬ್ಬಿಯನ್ನು ಮುಂದೆ ಕಟ್ಟಿದರೆ ಬರೆಯಲು ಬಗ್ಗಿದಾಗ ಒತ್ತುತ್ತದೆ, ಹಿಂದೆ ಕಟ್ಟಿದರೆ ಬೆಂಚಿನ ಒರಗು ಬಡಿಯುತ್ತದೆ. ಸೊಂಟದ ಮೂಳೆಗಿಂತ ಸ್ವಲ್ಪ ಮುಂದೆ, ಪಕ್ಕಕ್ಕೆ ಕಟ್ಟಿದರೆ ಎರಡೂ ತೊಂದರೆ ಇಲ್ಲ. ಚಡ್ಡಿಯ ಕಿಸೆಯಲ್ಲಿ ಇಟ್ಟುಕೊಳ್ಳಬಹುದಲ್ಲ ಎಂದರೆ, ಶೌಚಾಲಯದಲ್ಲಿ ಚಡ್ಡಿ ಇಳಿಸಿದ ಕೂಡಲೇ ಪಂಪ್ ಜಾರಿ, ಅದರ ಭಾರಕ್ಕೆ ಕ್ಯಾನುಲಾ ಕಿತ್ತು ಬರುತ್ತದೆ. ಅದಕ್ಕೇ ಒಳಗೆ ಹತ್ತಿಯ ಅಸ್ತರು ಇರುವ ಎಲಾಸ್ಟಿಕ್ ಪಟ್ಟಿ ಬೇಕು, ಅದರ ಮೇಲೆ ಸಡಿಲ ಅಂಗಿ ಬೇಕು. ಮೇಲಿಂದ ಬಿಗಿ ಬೆಲ್ಟ್ ಹಾಕಿದರೆ ಕ್ಯಾನುಲಾ ಮಡಚಬಹುದು, ಮತ್ತು ಮಡಚಿದ್ದು ತಕ್ಷಣ ಗೊತ್ತಾಗುವುದಿಲ್ಲ: ಗಂಟೆಗೆ ಹೋಗುವ ಇನ್ಸುಲಿನ್ ಅಷ್ಟು ಕಡಿಮೆಯಾದ್ದರಿಂದ ಅಡಚಣೆಯ ಅಲಾರಂ ಕೂಗಲು ಕೆಲವು ತಾಸೇ ಹಿಡಿಯುತ್ತದೆ. ಇನ್‌ಶರ್ಟ್ ಬೇಡ ಎಂದದ್ದು ಇಷ್ಟಕ್ಕೇ, ಶಿಸ್ತು ಸಡಿಲಿಸಿದ್ದಲ್ಲ.

ಪಿನಾಫೋರ್ ಹಾಕುವ ಹೆಣ್ಣುಮಕ್ಕಳಿಗೆ ಪಕ್ಕದ ಹೊಲಿಗೆಗೆ ಒಳಗಿನಿಂದ ಒಂದು ಕಿಸೆ ಹೊಲಿಸಿ, ಟ್ಯೂಬ್ ಹಾಯಲು ಗುಂಡಿಕಾಜಿನಷ್ಟು ತೂತು ಬಿಡಿಸಬಹುದು. ಇದಕ್ಕೆ ಅರ್ಜಿ, ಅನುಮತಿ ಏನೂ ಬೇಡ. ಹೆಚ್ಚುವರಿ ಟ್ಯೂಬನ್ನು ಸುರುಳಿ ಸುತ್ತಿ ಪಟ್ಟಿಯೊಳಗೆ ಸೇರಿಸಿ, ಕ್ಯಾನುಲಾದ ಪಕ್ಕದಲ್ಲೇ ಒಂದು ಚಿಕ್ಕ ಕುಣಿಕೆ ಬಿಟ್ಟು ಟೇಪ್ ಅಂಟಿಸಿದರೆ, ಬಾಗಿಲ ಚಿಲಕಕ್ಕೆ ಸಿಕ್ಕಿದರೂ ಎಳೆತ ಟೇಪಿಗೆ ಬೀಳುತ್ತದೆ, ಕ್ಯಾನುಲಾಕ್ಕಲ್ಲ.

ನಮ್ಮ ಊರಿನ ಸೆಕೆಯಲ್ಲಿ ಬೆವರಿಗೆ ಪ್ಯಾಚ್, ಅಂದರೆ ಕ್ಯಾನುಲಾವನ್ನು ಹಿಡಿದಿಡುವ ಅಂಟುಪಟ್ಟಿ, ಏಳುವುದು ಮಾಮೂಲು. ಹಚ್ಚುವ ಜಾಗದಲ್ಲಿ ಪೌಡರ್, ತೆಂಗಿನೆಣ್ಣೆ ಬೇಡ. ದೀಪಾವಳಿಯ ಎಣ್ಣೆ ಸ್ನಾನದ ದಿನ ಸೋಪಿನಲ್ಲಿ ಎರಡು ಸಲ ತೊಳೆದು, ಸ್ಪಿರಿಟ್ ಒರೆಸಿ, ಅದು ಪೂರ್ತಿ ಆರಿದ ಮೇಲೆಯೇ ಅಂಟಿಸಬೇಕು. ಎರಡು ಮೂರು ದಿನಕ್ಕೊಮ್ಮೆ ಸೆಟ್ (ಟ್ಯೂಬ್ ಮತ್ತು ಕ್ಯಾನುಲಾ) ಬದಲಿಸುವಾಗ ಹಳೆಯ ಜಾಗದಿಂದ ಎರಡು ಬೆರಳಿನಷ್ಟಾದರೂ ದೂರ ಹೋಗಬೇಕು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಬದಲಿಸದಿರುವುದು ಒಳ್ಳೆಯದು, ಹೊಸ ಕ್ಯಾನುಲಾ ಸರಿ ಕೂರದಿದ್ದರೆ ಅದು ತಿಳಿಯುವುದು ಮೂರನೇ ಪಿರಿಯಡಿಗೆ. ಮಲಗುವ ಮುನ್ನವೂ ಬೇಡ. ಸಂಜೆ ಮನೆಗೆ ಬಂದು ಬದಲಿಸಿದರೆ ರಾತ್ರಿ ಊಟದೊಳಗೆ ಸರಿ ತಪ್ಪು ಗೊತ್ತಾಗುತ್ತದೆ.

ಬೀಪ್ ಬಗ್ಗೆ. ಶಾಲೆಯಲ್ಲಿ ಪಂಪ್ ವೈಬ್ರೇಟ್‌ನಲ್ಲಿರುತ್ತದೆ. ಆದರೂ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದು ಮೈಗೆ ಅಂಟಿಸಿದ ಸೆನ್ಸರ್ ತಿಳಿಸಿದರೆ ಕೂಗುತ್ತದೆ, ಕೂಗಲೇಬೇಕು. ಆಗ ಆ ಮಗು ಪಾಠದ ನಡುವೆಯೇ ಗ್ಲೂಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳುತ್ತದೆ. ಇದು ನಮ್ಮ ಶಾಲೆ ಹೊಸದಾಗಿ ಹುಟ್ಟುಹಾಕಿದ ಔದಾರ್ಯವೇನಲ್ಲ. ಪರೀಕ್ಷಾ ಕೊಠಡಿಗೆ ಇಂಥ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಬಹುದೆಂದು ಸಿಬಿಎಸ್‌ಇ 2017ರಲ್ಲೇ ಹೇಳಿದೆ. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಇಂಥ ಮಕ್ಕಳ ಆರೈಕೆಯ ಬಗ್ಗೆ ರಾಜ್ಯಗಳಿಗೆ ಬರೆದಿದೆ. ನಿಮ್ಮ ಮಗುವಿನ ಗಮನ ಒಂದು ಕ್ಷಣ ಆಚೆ ಹೋಗುತ್ತದೆ, ನಿಜ. ಆ ಒಂದು ಕ್ಷಣವನ್ನು ದಯವಿಟ್ಟು ಸಹಿಸಿಕೊಳ್ಳಿ. ಪಂಪನ್ನು ಮಾತ್ರ ಬಿಚ್ಚಿಸುವುದಿಲ್ಲ.

ಕಳೆದ ವಾರ ಊಟದ ಬಿಡುವಿನಲ್ಲಿ ಯಾರೋ ತಮಾಷೆಗೆ ಟ್ಯೂಬ್ ಎಳೆದಿದ್ದಾರೆ. ಮಕ್ಕಳ ಕುತೂಹಲ, ಶಿಕ್ಷೆ ಕೊಡುವ ವಿಚಾರ ಇಲ್ಲ. ಇನ್ನೊಬ್ಬರ ಸೊಂಟದ ಪಟ್ಟಿಗೆ ಕೈ ಹಾಕಬಾರದು ಎಂದು ನಿಮ್ಮ ಮನೆಯಲ್ಲಿ ಒಂದು ಮಾತು ಹೇಳಿ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಪಂಪ್ ಇರುವ ಮಕ್ಕಳೂ ವೇಷ ಹಾಕಬಹುದು. ಬಣ್ಣ, ವೇಷ, ಕುಣಿತ ಸೇರಿ ಮೂರು ತಾಸು ದಾಟುವುದರಿಂದ ಬಿಚ್ಚಿಡುವ ಮಾತಿಲ್ಲ. ಸೊಂಟವನ್ನು ಬಿಗಿಯಾಗಿ ಕಟ್ಟುವ ಕಾರಣ ಹಿಂದಿನ ಸಂಜೆಯೇ ಸೆಟ್ಟನ್ನು ತೊಡೆಗೆ ಬದಲಿಸಿ, ಪಂಪನ್ನೂ ತೊಡೆಯ ಪಟ್ಟಿಗೆ ಇಳಿಸಿ. ಕುಣಿಯುವಾಗ ತೊಡೆಯಿಂದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ರಂಗಸ್ಥಳಕ್ಕೆ ಹೋಗುವ ಮುನ್ನ ಸಕ್ಕರೆ ನೋಡಿಕೊಳ್ಳಬೇಕು. ವೇಷ ಕಟ್ಟುವವರಿಗೆ ನಾವು ತಿಳಿಸಿದ್ದೇವೆ.