ಏರುದಾರಿಯಲ್ಲಿ ನೆರವಾದ ಮೆಕ್ಯಾನಿಕ್ ಅವರಿಗೆ

ನಮ್ಮ ಹಳೆಯ ಟರ್ಬೊ ಕಾರಿನ ಬಾನೆಟ್‌ನಿಂದ ಹಬೆ ಎದ್ದಾಗ ಏರುದಾರಿಯ ಅರ್ಧದಲ್ಲಿದ್ದೆವು. ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ. ಗಾಬರಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ ನನ್ನನ್ನು, ಬೈಕ್ ನಿಲ್ಲಿಸಿ ಓಡಿಬಂದು ತಡೆದವರು ನೀವು. "ಒಳಗೆ ಒತ್ತಡವಿದೆ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮೊದಲು ತಣ್ಣಗಾಗಲಿ." ಅಷ್ಟು ಹೇಳಿ ಅಮ್ಮನನ್ನು ನೆರಳಿನಲ್ಲಿ ಕೂರಿಸಿದಿರಿ.

ಮುಕ್ಕಾಲು ಗಂಟೆ ನಮ್ಮೊಂದಿಗೇ ಕಾದಿರಿ. ಆಮೇಲೆ ಎಂಜಿನ್ ತಣಿಸುವ ನೀರು ಹರಿಯುವ ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದಿರಿ. ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ, ತುಂಬಾ ಕಾಯುವ ಟರ್ಬೊ ಪಕ್ಕದ ಹೋಸ್ ವರ್ಷಗಳ ಕಾವಿಗೆ ಗಡುಸಾಗಿ, ಕ್ಲಿಪ್ ಬಳಿ ಸೀಳಿತ್ತು. ಸೀಳಿದ ತುದಿಯನ್ನಷ್ಟೇ ಕತ್ತರಿಸಿ, ಪೈಪಿನ ಬಾಯಿ ಒರೆಸಿ, ಮತ್ತೆ ಬಿಗಿದಿರಿ. ನೀರು ತುಂಬಿಸಿ, ಎಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಗಾಳಿಯ ಗುಳ್ಳೆಗಳು ನಿಲ್ಲುವವರೆಗೂ ಮೇಲಿನ ಹೋಸನ್ನು ಹಿಸುಕುತ್ತಲೇ ಇದ್ದಿರಿ. ಆ ತಾಳ್ಮೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುಳ್ಳು ನಡುವಿಗೆ ಬಂದು ನಿಂತಾಗ ನನ್ನ ಎದೆಬಡಿತವೂ ಇಳಿಯಿತು.

ಹಣ ಮುಟ್ಟಲಿಲ್ಲ. "ಇದು ತಾತ್ಕಾಲಿಕ. ಹೊಸ ಹೋಸ್ ಹಾಕಿಸಿ, ಬರಿ ನೀರು ಬೇಡ, ಕೂಲಂಟ್ ತುಂಬಿಸಿ" ಎಂದು ಹೊರಟೇಬಿಟ್ಟಿರಿ. ಹೆಸರು ಕೇಳುವುದನ್ನೂ ಮರೆತೆ.

ಕಳೆದ ವಾರ ಎಲ್ಲ ಹೋಸ್‌ಗಳನ್ನೂ ಬದಲಾಯಿಸಿದೆ. ನೀವು ಕತ್ತರಿಸಿದ ಆ ತುಂಡು ಈಗಲೂ ಡಿಕ್ಕಿಯಲ್ಲಿದೆ. ನಿಮಗೆ ಅಮ್ಮನ ಮತ್ತು ನನ್ನ ಧನ್ಯವಾದಗಳು.