ಗೋಡೆಯ ಮೇಲೆ ಉಳಿದ ಮೊಳೆ

ಪ್ರಿಯ ತಂಗಿ,

ನಿನ್ನ ಕತೆ ಓದಿದೆ. ಅಡುಗೆಮನೆಯ ಭಾಗ ನಿನಗೆ ತುಂಬ ಇಷ್ಟವಾದದ್ದು ಅಂತ ಬರೆದಿದ್ದೀಯ. ಒಲೆ, ನೆಲುವು, ಉಪ್ಪಿನಕಾಯಿ ಜಾಡಿ, ಅಜ್ಜನ ಫೋಟೊ, ಹಾಲಿನ ಲೆಕ್ಕ ಗೀಚಿದ ಕ್ಯಾಲೆಂಡರು, ಒಂದನ್ನೂ ಬಿಟ್ಟಿಲ್ಲ. ಅಷ್ಟು ಸಾಮಾನಿನ ನಡುವೆ ಅತ್ತೆ ಎಲ್ಲಿ ನಿಂತಿದ್ದಾಳೆ ಅಂತ ನಾನು ಹುಡುಕಬೇಕಾಯಿತು.

ಯೊಹಾನೆಸ್ ವರ್ಮೀರನ ‘ಮಿಲ್ಕ್‌ಮೇಡ್’ ಚಿತ್ರವನ್ನು ಮೊಬೈಲಿನಲ್ಲಾದರೂ ದೊಡ್ಡದು ಮಾಡಿ ನೋಡು. ಹಾಲೆಂಡಿನ ಡೆಲ್ಫ್ಟ್ ಊರಿನ ಈ ಚಿತ್ರಕಾರ 1658ರ ಆಸುಪಾಸಿನಲ್ಲಿ ಬರೆದದ್ದು. ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಎತ್ತರ ಅರ್ಧ ಮೀಟರೂ ಇಲ್ಲ. ಗಟ್ಟಿಮುಟ್ಟಾದ ಕೆಲಸದ ಹೆಂಗಸೊಬ್ಬಳು ಕಿಟಕಿಯ ಬೆಳಕಿನಲ್ಲಿ ನಿಂತು ಮಣ್ಣಿನ ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ. ಮೇಜಿನ ಮೇಲೆ ಬ್ರೆಡ್ಡು. ಇಷ್ಟೇ ಸಂಗತಿ. ಅವಳ ಹಿಂದಿನದು ಬೋಳು ಗೋಡೆ.

ಆ ಗೋಡೆ ಮೊದಲಿನಿಂದ ಬೋಳಾಗಿರಲಿಲ್ಲ. ಮ್ಯೂಸಿಯಮ್ಮಿನವರು ಸ್ಕ್ಯಾನ್ ಮಾಡಿ 2022ರಲ್ಲಿ ಹೊರಗೆ ಹೇಳಿದ ಪ್ರಕಾರ, ಅವಳ ತಲೆಯ ಹಿಂದೆ ಹೂಜಿಗಳನ್ನು ನೇತುಹಾಕುವ ಹಲಗೆಯೊಂದನ್ನು ವರ್ಮೀರ್ ಶುರುಮಾಡಿದ್ದ. ಕೆಳಗೆ ಬಲಮೂಲೆಯಲ್ಲಿ ಕೆಂಡದ ಶಾಖಕ್ಕೆ ಬಟ್ಟೆ ಒಣಗಿಸುವ ಬುಟ್ಟಿಯಿತ್ತು. ಎರಡೂ ಅಡುಗೆಮನೆಗೆ ಒಪ್ಪುವ ವಸ್ತುಗಳೇ, ಸುಳ್ಳು ಯಾವುದೂ ಅಲ್ಲ. ಆದರೂ ಮೇಲೆ ಬಣ್ಣ ಬಳಿದು ಮುಚ್ಚಿಬಿಟ್ಟ. ಇದ್ದದ್ದೆಲ್ಲ ಇರಲೇಬೇಕು ಅನ್ನುವ ನಿನ್ನ ವಾದಕ್ಕೆ ನನ್ನ ಉತ್ತರ ಆ ಗೋಡೆ.

ಆದರೆ ಮುಚ್ಚಿದವನು ಒಂದು ಮೊಳೆಯನ್ನು ಉಳಿಸಿದ. ನೇತುಹಾಕಿದ್ದು ಏನೂ ಇಲ್ಲದ ಬರಿ ಮೊಳೆ, ಅದರ ಪುಟ್ಟ ನೆರಳು, ಹಿಂದೆಂದೋ ಮೊಳೆ ಕಿತ್ತ ತೂತುಗಳು. ನನಗೆ ಇಡೀ ಚಿತ್ರದಲ್ಲಿ ಅದೇ ಹೆಚ್ಚು ಹೊಟ್ಟೆಕಿಚ್ಚು ತರಿಸುವ ಜಾಗ. ಹಲಗೆ ಇದ್ದಿದ್ದರೆ ಮೊಳೆಯನ್ನು ಯಾರು ನೋಡುತ್ತಿದ್ದರು? ಆ ಮನೆಯಲ್ಲಿ ಎಷ್ಟೋ ವರ್ಷ ಜನ ಬಾಳಿದ್ದಾರೆ ಅನ್ನುವುದನ್ನು ಆ ತೂತುಗಳು ಹೇಳುತ್ತವೆ. ನಿನ್ನ ಕತೆಯಲ್ಲಿ ಅಂಥದ್ದು ಹಾಲಿನ ಲೆಕ್ಕದ ಕ್ಯಾಲೆಂಡರು. ಅದನ್ನು ಉಳಿಸಿಕೋ. ಜಾಡಿ, ನೆಲುವು, ಫೋಟೊ ಕತೆಯಿಂದ ತೆಗೆದುಹಾಕು. ಫೋಟೊ ಕೈಬಿಡಲು ನೀನು ಅಳುತ್ತೀಯ, ಗೊತ್ತು.

ಕೈ ಬಿಗಿಹಿಡಿದವನು ಜಿಪುಣನಾಗಿರಲಿಲ್ಲ. ಅವಳ ಏಪ್ರನ್ನಿನ ನೀಲಿಗೆ ಬಳಸಿದ್ದು ಅಫ್ಘಾನಿಸ್ತಾನದ ಕಡೆಯಿಂದ ಬರುತ್ತಿದ್ದ ಕಲ್ಲನ್ನು ಅರೆದು ಮಾಡುವ ಬಣ್ಣ, ಆ ಕಾಲಕ್ಕೆ ತೀರ ದುಬಾರಿ. ಕೆಲಸದವಳ ಏಪ್ರನ್ನಿಗೆ ಅದು! ಬ್ರೆಡ್ಡಿನ ಮೇಲೆ ಬೆಳಕಿನ ಚುಕ್ಕೆಗಳನ್ನು ಧಾರಾಳವಾಗಿ ಚೆಲ್ಲಿದ್ದಾನೆ. ನಿಜವಾದ ಬ್ರೆಡ್ಡು ಹಾಗೆ ಮಿನುಗುವುದಿಲ್ಲ. ಅವಳ ಬಲಗೈಯ ಸ್ವಲ್ಪ ಮೇಲೆ, ಕ್ಯಾನ್ವಾಸಿನಲ್ಲಿ, ಸೂಜಿ ಚುಚ್ಚಿದ ಗುರುತೂ ಸಿಕ್ಕಿದೆ. ಅಲ್ಲಿಂದ ದಾರ ಎಳೆದು, ಕಿಟಕಿಯ ಗೆರೆಗಳೆಲ್ಲ ಆ ಬಿಂದುವಿನತ್ತಲೇ ಓಡುವಂತೆ ಗೊತ್ತುಮಾಡಿಕೊಳ್ಳುತ್ತಿದ್ದರು. ಅಂದರೆ ನಮ್ಮ ಕಣ್ಣು ಹಾಲು ಸುರಿಯುವ ಕೈಯ ಹತ್ತಿರಕ್ಕೇ ಹೋಗುವುದು ಆಕಸ್ಮಿಕ ಅಲ್ಲ.

ಇನ್ನೊಂದು ಸಮಾಧಾನದ ಸುದ್ದಿ. ವರ್ಮೀರ್ ಮೊದಲಿನಿಂದಲೂ ಇಂಚಿಂಚಾಗಿ ನಾಜೂಕಾಗಿ ಬರೆಯುತ್ತಿದ್ದ ಅಂತ ನಂಬಿದವರಿದ್ದರು. ಅದೇ ಸ್ಕ್ಯಾನಿನಲ್ಲಿ ಕಂಡದ್ದು ಕಪ್ಪು ಬಣ್ಣದಲ್ಲಿ ಸರಸರನೆ ಎಳೆದ ಒರಟು ಗೀಟುಗಳು. ಹಾಗಾಗಿ ಮೊದಲ ಕರಡು ಬರೆಯುವಾಗ ನೀನೂ ಕೈ ತಡೆಯಬೇಡ, ನೆಲುವೂ ಬರಲಿ, ಅಜ್ಜನೂ ಬರಲಿ. ತೆಗೆಯುವ ಕೆಲಸ ಬೇರೆ ದಿನದ್ದು, ಬೇರೆ ಮನಸ್ಸಿನದ್ದು.

ಕೆಲಸ ಬಿಟ್ಟು ಬರೆಯುತ್ತ ಕೂರಲೇ ಅಂತ ಕೇಳಿದ್ದೀಯ. ವರ್ಮೀರ್ 1675ರಲ್ಲಿ, ನಲವತ್ಮೂರನೆಯ ವಯಸ್ಸಿಗೆ, ಸಾಲ ಬಿಟ್ಟು ಸತ್ತ. ಹೆಂಡತಿ ಕ್ಯಾಥರೀನಾ ಬ್ರೆಡ್ಡಿನ ಬಾಕಿ 617 ಗಿಲ್ಡರಿಗೆ (ಆಗಿನ ಅಲ್ಲಿಯ ನಾಣ್ಯ) ಅವನ ಎರಡು ಚಿತ್ರಗಳನ್ನು ಬೇಕರಿಯವನಿಗೆ ಕೊಡಬೇಕಾಯಿತು. ‘ಮಿಲ್ಕ್‌ಮೇಡ್’ 1696ರ ಹರಾಜಿನಲ್ಲಿ 175 ಗಿಲ್ಡರಿಗೆ ಹೋಯಿತು, ಅವತ್ತಿಗೆ ಒಳ್ಳೆಯ ಬೆಲೆಯೇ. ಅವನ ಕೈಗೆ ಬರಲಿಲ್ಲ ಅಷ್ಟೆ. ನಿನ್ನ ಬ್ಯಾಂಕಿನ ಕೆಲಸ ಸದ್ಯಕ್ಕೆ ಇರಲಿ. ಬೆಳಗ್ಗೆ ಒಂದು ಗಂಟೆ ಬೇಗ ಏಳು.

ನಿನ್ನ
ಅಣ್ಣ