ಕೆರೆಯ ಅಂಚನ್ನು ಕೆರೆಗೇ ಬಿಡಿ: ಮಂಡ್ಯ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ರೈತ. ಕೆರೆ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು ಬೆಳೆಯುವ ಕುಟುಂಬ ನಮ್ಮದು. ಕೆರೆಗಳ ಹೂಳು ತೆಗೆಯಬೇಕು, ತೂಬು ರಿಪೇರಿ ಆಗಬೇಕು, ಒತ್ತುವರಿ ಬಿಡಿಸಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅಭಿವೃದ್ಧಿ ಹೆಸರಲ್ಲಿ ಕೆರೆಯ ಅಂಚೇ ಹೋಗುತ್ತಿದೆ. ಅದನ್ನು ಉಳಿಸಿಕೊಡಿ ಅಂತ ಕೇಳಲು ಬರೆಯುತ್ತಿದ್ದೇನೆ.

ನಮ್ಮ ಪಕ್ಕದೂರಿನ ಕೆರೆ ಹೇಗಿತ್ತು ಅಂದರೆ, ಏರಿಯ ಎದುರು ದಡ ಇಳಿಜಾರಾಗಿ ನೀರಿಗೆ ಸೇರುತ್ತಿತ್ತು. ಮೊಣಕಾಲುದ್ದ ನೀರು, ಜೊಂಡು, ಒಂದಷ್ಟು ಜಾಲಿ ಮರ. ಜೆಸಿಬಿ ಬಂದು ಅಂಚಿನವರೆಗೂ ಒಂದೇ ಸಮ ಆಳ ತೋಡಿತು. ಸುತ್ತ ಕಲ್ಲು ಕಟ್ಟಿದರು. ಮೇಲೆ ವಾಕಿಂಗ್ ಪಾತ್, ದೀಪ. ಜಾಲಿ ಮರಗಳು ಸೌದೆಯಾದವು. ಕೊಕ್ಕರೆಗಳು ಈಗ ಅಲ್ಲಿ ಇಳಿಯುವುದಿಲ್ಲ.

ಬಣ್ಣದ ಕೊಕ್ಕರೆ ಮೇಯುವುದನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಅದು ಆಳವಿಲ್ಲದ ನೀರಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ಮುಳುಗಿಸಿ, ತಲೆಯನ್ನು ಅತ್ತಿಂದಿತ್ತ ಆಡಿಸುತ್ತಾ ನಡೆಯುತ್ತದೆ. ಕಾಲಿನಿಂದ ಕೆಸರು ಕಲಕುತ್ತದೆ. ಕೊಕ್ಕಿಗೆ ಮೀನು ತಾಕಿತೋ, ಪಟ್ಟನೆ ಮುಚ್ಚುತ್ತದೆ. ಕಡಿದಾಗಿ ಕಲ್ಲು ಕಟ್ಟಿದ ದಡದಲ್ಲಿ ಅದು ಎಲ್ಲಿ ನಿಲ್ಲಬೇಕು ಹೇಳಿ?

ಕೊಕ್ಕರೆ ಬೆಳ್ಳೂರು ನಮ್ಮ ತಾಲ್ಲೂಕಿನ ಹೆಮ್ಮೆ. ಅಲ್ಲಿನ ಜನ ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡಿದ್ದಾರೆ. ಮನೆ ಹಿತ್ತಿಲ ಹುಣಸೆ ಮರಗಳನ್ನೇ ಬಿಟ್ಟುಕೊಟ್ಟಿದ್ದಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಆದರೆ ಗೂಡಿಗೆ ಮರವಿದ್ದರೆ ಸಾಕಾಗುವುದಿಲ್ಲ, ಮರಿಗೆ ಮೀನು ಬೇಕು. ಹೆಜ್ಜಾರ್ಲೆ (ಪೆಲಿಕನ್), ಕೊಕ್ಕರೆಗಳು ಮೀನಿಗೆ ಹೋಗುವುದು ಶಿಂಷಾ ಹೊಳೆಗೆ, ತೈಲೂರು ಕೆರೆಗೆ, ಮದ್ದೂರು ಕೆರೆಗೆ, ಸೂಳೆಕೆರೆಗೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಊರ ಕೆರೆಗಳಿಗೆ ಅಂಥ ಕಾವಲಿಲ್ಲ. ಅವುಗಳ ಗತಿ ಒಂದು ಎಸ್ಟಿಮೇಟ್‌ನಲ್ಲಿ ತೀರ್ಮಾನವಾಗಿಬಿಡುತ್ತದೆ.

ಇದು ಬರೀ ಹಕ್ಕಿಗಳ ಮಾತಲ್ಲ ಸ್ವಾಮಿ. 2022ರಲ್ಲಿ ಮಳೆ ಎಷ್ಟು ಸುರಿಯಿತು ಅಂದರೆ ಕೆರೆಗಳು ಕೋಡಿ ಬಿದ್ದವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಭೂಮಿ ಬಿಸಿಯಾದಷ್ಟೂ ಇಂಥ ಏರುಪೇರು ಜಾಸ್ತಿಯಾಗುತ್ತದೆ. ಜೊರೋ ಅಂತ ಬಂದ ನೀರನ್ನು ಇಳಿಜಾರು ದಡ, ಜೊಂಡು, ಹುಲ್ಲು ತಡೆದು ನಿಧಾನ ಮಾಡುತ್ತವೆ, ಮಣ್ಣನ್ನು ಅಂಚಿನಲ್ಲೇ ಹಿಡಿಯುತ್ತವೆ. ಆಗ ಕೆರೆಗೆ ಹೂಳು ಸೇರುವುದೂ ಕಡಿಮೆ. ಜೊಂಡು, ಮರ ಬೆಳೆಯುತ್ತಾ ಗಾಳಿಯಲ್ಲಿರುವ ಇಂಗಾಲವನ್ನೂ ಹೀರುತ್ತವೆ, ಅದರಲ್ಲಿ ಒಂದು ಪಾಲು ಕೆಸರಲ್ಲೇ ಉಳಿಯುತ್ತದೆ. ಅದೇ ಕೆರೆಗೆ ಚರಂಡಿ ನೀರು ಬಿಟ್ಟರೆ ಕೊಳೆತು ಮೀಥೇನ್ ಏಳುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. ಆದ್ದರಿಂದ ದೀಪ, ಬೆಂಚಿಗೆ ಮೊದಲು ಚರಂಡಿ ನೀರು ನಿಲ್ಲಬೇಕು.

ನಾನು ಕೇಳುವುದು ದೊಡ್ಡ ಅನುದಾನ ಅಲ್ಲ. ಕೆರೆ ಕಾಮಗಾರಿಯ ಎಸ್ಟಿಮೇಟ್ ಮಂಜೂರು ಮಾಡುವಾಗಲೇ ಷರತ್ತು ಹಾಕಿ. ಕಲ್ಲು ಕಟ್ಟುವುದು ಏರಿಯ ಕಡೆಗಷ್ಟೇ ಇರಲಿ, ಎದುರು ದಡ ಇಳಿಜಾರಾಗಿಯೇ ಇರಲಿ. ಕೆರೆ ಅಂಗಳದ ಮರಗಳನ್ನು ಕಡಿಯುವುದು ಬೇಡ. ಹೂಳೆತ್ತುವುದು ಬೇಸಿಗೆಯಲ್ಲಿ, ಮರಿಗಳು ಗೂಡಲ್ಲಿರುವುದೂ ಆಗಲೇ. ಹಾಗಾಗಿ ಇಡೀ ಕೆರೆಯನ್ನು ಒಂದೇ ಸಲ ಬತ್ತಿಸಬೇಡಿ. ಈ ವರ್ಷ ಅರ್ಧ, ಬರುವ ವರ್ಷ ಇನ್ನರ್ಧ ಮಾಡಲಿ. ನಕ್ಷೆ ಬರೆಯುವ ಮೊದಲು ಇಂಜಿನಿಯರು ಅಚ್ಚುಕಟ್ಟಿನ ರೈತರನ್ನು, ಮೀನು ಹಿಡಿಯುವವರನ್ನು ದಡದಲ್ಲೇ ಕೂರಿಸಿ ಮಾತಾಡಲಿ.

ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಮೇಯುವ ಕೆರೆಗಳಿಂದಲೇ ಇದನ್ನು ಶುರು ಮಾಡಿ. ಮುಂದಿನ ಬೇಸಿಗೆಯ ಕೆಲಸಕ್ಕೆ ಟೆಂಡರ್ ಕರೆಯುವ ಮೊದಲೇ ಆದೇಶ ಹೊರಡಲಿ.

ಇತಿ,
ಮದ್ದೂರು ತಾಲ್ಲೂಕಿನ ಒಬ್ಬ ರೈತ